ಟ್ರೈ ಇಲ್ಲದೆ ಗೆದ್ದ ಫೈನಲ್‌ಗಳು: ದಕ್ಷಿಣ ಆಫ್ರಿಕಾ ರಗ್ಬಿ ತಂಡದ ಚರಿತ್ರೆಯನ್ನು ಓದುವ ಬಗೆ

ದಕ್ಷಿಣ ಆಫ್ರಿಕಾದ ರಗ್ಬಿ ತಂಡ 1995, 2007, 2019 ಮತ್ತು 2023ರಲ್ಲಿ, ಹೀಗೆ ನಾಲ್ಕು ಬಾರಿ ವಿಶ್ವಕಪ್ ಗೆದ್ದಿದೆ. 2023ರವರೆಗಿನ ಲೆಕ್ಕದಲ್ಲಿ ಬೇರಾವ ದೇಶವೂ ಇಷ್ಟು ಬಾರಿ ಗೆದ್ದಿಲ್ಲ. 1987 ಮತ್ತು 1991ರ ಮೊದಲ ಎರಡು ವಿಶ್ವಕಪ್‌ಗಳಲ್ಲಿ, ದೇಶದ ವರ್ಣಭೇದ ನೀತಿಯ ಕಾರಣ, ಈ ತಂಡಕ್ಕೆ ಪ್ರವೇಶವೇ ಇರಲಿಲ್ಲವಾದ್ದರಿಂದ, ಆಡಿದ ಎಂಟರಲ್ಲಿ ನಾಲ್ಕನ್ನು ಗೆದ್ದಂತಾಯಿತು. ಆದರೆ ಆ ನಾಲ್ಕು ಫೈನಲ್‌ಗಳ ಅಂಕಗಳನ್ನು ಬಿಡಿಸಿ ನೋಡಿದವರಿಗೆ ಒಂದು ವಿಚಿತ್ರ ಸಂಗತಿ ಕಾಣುತ್ತದೆ. ಮೂರು ಫೈನಲ್‌ಗಳಲ್ಲಿ ಈ ತಂಡ ಒಂದೇ ಒಂದು ಟ್ರೈ ಕೂಡ, ಅಂದರೆ ಚೆಂಡನ್ನು ಎದುರಾಳಿಯ ಗೆರೆಯಾಚೆ ಒಯ್ದು ಪಡೆಯುವ ಅಂಕ, ಗಳಿಸಿಲ್ಲ. ಗೆಲುವೆಲ್ಲವೂ ಕಾಲಿನಿಂದ ಒದ್ದು ಪಡೆದ ಅಂಕಗಳಿಂದಲೇ ಬಂದದ್ದು. 2019ರ ಫೈನಲ್ ಒಂದರಲ್ಲಿ ಮಾತ್ರ ಎರಡು ಟ್ರೈಗಳು ಬಂದವು, ಅವೆರಡನ್ನೂ ಗಳಿಸಿದವರು ಬಿಳಿಯರಲ್ಲದ ಆಟಗಾರರು. ಐದು ದಶಕಗಳಷ್ಟು ಹಿಂದೆ ಹುಟ್ಟಿದ್ದರೆ ಆ ಇಬ್ಬರಿಗೂ ದೇಶದ ಹಸಿರು ಅಂಗಿ ತೊಡುವ ಅವಕಾಶವೇ ಇರುತ್ತಿರಲಿಲ್ಲ. ಈ ತಂಡದ ಚರಿತ್ರೆಯನ್ನು ಗೆದ್ದ ವಿಶ್ವಕಪ್‌ಗಳ ಪಟ್ಟಿಯಾಗಿ ಓದಿದರೆ ಅರ್ಧ ಮಾತ್ರ ತಿಳಿಯುತ್ತದೆ. ಯಾವ ಕಾಲದಲ್ಲಿ ಯಾರಿಗೆ ಆ ಅಂಗಿ ದಕ್ಕಿತು, ಯಾರಿಗೆ ದಕ್ಕಲಿಲ್ಲ ಎಂಬುದನ್ನು ಜೊತೆಗಿಟ್ಟು ಓದಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಶಿವಮೊಗ್ಗದ ಕಡೆ ರಗ್ಬಿ ಆಡಿದವರು ವಿರಳವಾದ್ದರಿಂದ ಆಟದ ನಿಯಮಗಳನ್ನು ಮೊದಲು ಹೇಳುವುದು ಒಳ್ಳೆಯದು. ಪ್ರತಿ ತಂಡದಲ್ಲಿ 15 ಜನ, ತಲಾ 40 ನಿಮಿಷಗಳ ಎರಡು ಅವಧಿ. ಚೆಂಡನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಓಡಬಹುದು, ಕಾಲಿನಿಂದ ಮುಂದಕ್ಕೆ ಒದೆಯಬಹುದು, ಆದರೆ ಕೈಯಿಂದ ಎಸೆಯುವುದಾದರೆ ಪಕ್ಕಕ್ಕೆ ಅಥವಾ ಹಿಂದಕ್ಕೆ ಮಾತ್ರ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ಟ್ರೈ, ಐದು ಅಂಕ. ಅದರ ಬೆನ್ನಿಗೆ ಕಂಬಗಳ ನಡುವೆ ಚೆಂಡು ಒದೆಯುವ ಅವಕಾಶ ಸಿಗುತ್ತದೆ, ಅದಕ್ಕೆ ಎರಡು ಅಂಕ. ಎದುರಾಳಿ ತಪ್ಪು ಮಾಡಿದಾಗ ಸಿಗುವ ಪೆನಾಲ್ಟಿಗೆ ಮೂರು. ಆಟ ನಡೆಯುತ್ತಿರುವಾಗಲೇ ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿದ ಕ್ಷಣದಲ್ಲಿ ಕಂಬಗಳ ನಡುವೆ ಒದ್ದರೆ ಅದು ಡ್ರಾಪ್ ಗೋಲ್, ಅದಕ್ಕೂ ಮೂರು. ಸಾಗರ, ಹೊಸನಗರದ ಕಡೆ ಹೊನಲು ಬೆಳಕಿನ ಕಬಡ್ಡಿ ನೋಡಿ ಬೆಳೆದವರಿಗೆ ಇದರ ತಿರುಳು ಬೇಗ ಹತ್ತುತ್ತದೆ: ಒಳಗೆ ಬಂದವನನ್ನು ಸೊಂಟಕ್ಕೋ ಕಾಲಿಗೋ ಹಿಡಿದು ಕೆಡವುವ ಕಲೆ ಎರಡೂ ಆಟಗಳಿಗೆ ಸಮಾನ. ಆದರೆ ಕಬಡ್ಡಿಯಲ್ಲಿ ಹಿಡಿತ ಬಿದ್ದರೆ ಆ ರೈಡ್ ಮುಗಿಯುತ್ತದೆ, ರಗ್ಬಿಯಲ್ಲಿ ಬಿದ್ದವನು ಕೂಡಲೇ ಚೆಂಡು ಬಿಡಬೇಕು ಮತ್ತು ಅದಕ್ಕಾಗಿ ಎರಡೂ ಕಡೆಯವರು ಮೇಲೆರಗುತ್ತಾರೆ. ಪಂದ್ಯದ ಬಹುಪಾಲು ತಪ್ಪುಗಳು ನಡೆಯುವುದು ಅಲ್ಲಿಯೇ, ಪೆನಾಲ್ಟಿಗಳು ಹುಟ್ಟುವುದೂ ಅಲ್ಲಿಯೇ.

ಒಂದರಿಂದ ಎಂಟರವರೆಗಿನ ಅಂಗಿಯವರು ಫಾರ್ವರ್ಡ್‌ಗಳು. ಮೈಬಲದವರು; ಎರಡು ತಂಡಗಳ ಎಂಟೆಂಟು ಜನ ಹೆಗಲಿಗೆ ಹೆಗಲು ಕೊಟ್ಟು ತಳ್ಳಾಡುವ ಸ್ಕ್ರಮ್ ಇವರ ಕ್ಷೇತ್ರ. ಒಂಬತ್ತರಿಂದ ಹದಿನೈದರವರೆಗಿನವರು ಬ್ಯಾಕ್‌ಗಳು, ಓಟ ಮತ್ತು ಒದೆತದವರು. ದಕ್ಷಿಣ ಆಫ್ರಿಕಾ ಹಿಂದಿನಿಂದಲೂ ಫಾರ್ವರ್ಡ್‌ಗಳ ತಂಡ. ಎದುರಾಳಿಯನ್ನು ಸ್ಕ್ರಮ್‌ನಲ್ಲಿ ಹಿಂದಕ್ಕೆ ತಳ್ಳಿ, ತಪ್ಪು ಮಾಡುವಂತೆ ಒತ್ತಡ ಹೇರಿ, ಸಿಕ್ಕ ಪೆನಾಲ್ಟಿಗಳನ್ನು ಒಂದೊಂದಾಗಿ ಮೂರು ಮೂರು ಅಂಕಗಳಾಗಿ ಮಾರ್ಪಡಿಸಿಕೊಳ್ಳುವುದು ಅದರ ಪದ್ಧತಿ. ಟ್ರೈ ಇಲ್ಲದೆ ಫೈನಲ್ ಗೆಲ್ಲುವ ಗುಟ್ಟು ಇಷ್ಟೇ. ಹೊಸದಾಗಿ ನೋಡುವವರಿಗೆ ಈ ಆಟ ರುಚಿಸದೆ ಹೋಗಬಹುದು. ಆದರೆ ಒಮ್ಮೆ ಸ್ಕ್ರಮ್‌ನಲ್ಲಿ ಕತ್ತು, ಬೆನ್ನು, ತೊಡೆಗಳ ಮೇಲೆ ಎಂಥ ಭಾರ ಬೀಳುತ್ತದೆ ಎಂಬುದು ತಿಳಿದ ಮೇಲೆ ಈ ತಂಡದ ಆಟವನ್ನು ನೀರಸ ಎನ್ನಲು ಬಾಯಿ ಬರುವುದಿಲ್ಲ.

ದಕ್ಷಿಣ ಆಫ್ರಿಕಾದ ಮೊದಲ ಟೆಸ್ಟ್ ಪಂದ್ಯ (ರಗ್ಬಿಯಲ್ಲಿ ರಾಷ್ಟ್ರೀಯ ತಂಡಗಳ ಪಂದ್ಯಕ್ಕೆ ಹೀಗೆನ್ನುತ್ತಾರೆ) ನಡೆದದ್ದು 1891ರಲ್ಲಿ, ಪೋರ್ಟ್ ಎಲಿಜಬೆತ್ ನಗರದಲ್ಲಿ, ಬ್ರಿಟನ್ನಿನಿಂದ ಬಂದ ತಂಡದ ವಿರುದ್ಧ. ಸರಣಿಯ ಮೂರೂ ಪಂದ್ಯಗಳಲ್ಲಿ ಸೋಲಾಯಿತು. 1906ರಲ್ಲಿ ಪಾಲ್ ರೂಸ್ ನಾಯಕತ್ವದಲ್ಲಿ ತಂಡ ಬ್ರಿಟನ್ ಪ್ರವಾಸಕ್ಕೆ ಹೋದಾಗ ತನ್ನ ನಾಡಿನ ಜಿಂಕೆ ಜಾತಿಯ ಪ್ರಾಣಿಯೊಂದರ ಹೆಸರನ್ನು ತಾನೇ ಇಟ್ಟುಕೊಂಡು ‘ಸ್ಪ್ರಿಂಗ್‌ಬಾಕ್’ ತಂಡವಾಯಿತು. ಬೋಯರ್ ಯುದ್ಧ ಮುಗಿದು ಆಗ ನಾಲ್ಕೇ ವರ್ಷವಾಗಿತ್ತು. ಆ ಯುದ್ಧದಲ್ಲಿ ಎದುರು ಬದುರಾಗಿದ್ದ ಇಂಗ್ಲಿಷ್ ಮಾತಿನ ಬಿಳಿಯರು ಮತ್ತು ಆಫ್ರಿಕಾನ್ಸ್ ಮಾತಿನ ಬಿಳಿಯರು ಒಂದೇ ತಂಡದಲ್ಲಿ ಆಡಿದ್ದನ್ನು ಆ ಕಾಲದ ಜನ ದೊಡ್ಡ ಸಾಮರಸ್ಯವೆಂದು ಕೊಂಡಾಡಿದರು. ಆ ಸಾಮರಸ್ಯದಲ್ಲಿ ದೇಶದ ಬಹುಸಂಖ್ಯಾತರಾದ ಕಪ್ಪು ಜನರಿಗೆ ಜಾಗವಿರಲಿಲ್ಲ.

ಕಪ್ಪು ಜನರಿಗೆ ರಗ್ಬಿ ಗೊತ್ತಿರಲಿಲ್ಲ, ಅದು ಬಿಳಿಯರ ಆಟ, ಅವರ ಆಟ ಫುಟ್‌ಬಾಲ್ ಎಂಬ ಮಾತನ್ನು ಇಂದಿಗೂ ಕೇಳುತ್ತೇವೆ. ಇದು ಸುಳ್ಳು. ದೇಶದ ಆಗ್ನೇಯ ಭಾಗವಾದ ಈಸ್ಟರ್ನ್ ಕೇಪ್‌ನಲ್ಲಿ ಮಿಷನರಿ ಶಾಲೆಗಳ ಮೂಲಕ ಹತ್ತೊಂಬತ್ತನೆಯ ಶತಮಾನದಲ್ಲಿಯೇ ರಗ್ಬಿ ಕಪ್ಪು ಸಮುದಾಯಗಳಿಗೆ ಮುಟ್ಟಿತ್ತು, 1897ರಲ್ಲಿಯೇ ಬಿಳಿಯರಲ್ಲದವರ ಪ್ರತ್ಯೇಕ ರಗ್ಬಿ ಮಂಡಳಿ ರಚನೆಯಾಗಿತ್ತು. ತಲೆಮಾರುಗಳ ಕಾಲ ಅವರ ಕ್ಲಬ್‌ಗಳು, ಅವರ ಪಂದ್ಯಾವಳಿಗಳು, ಅವರ ಹೆಸರಾಂತ ಆಟಗಾರರು ಬೇರೆಯೇ ಇದ್ದರು. ಇಲ್ಲದಿದ್ದದ್ದು ಹುಲ್ಲಿನ ಮೈದಾನ, ಹಣ ಮತ್ತು ರಾಷ್ಟ್ರೀಯ ತಂಡಕ್ಕೆ ಹೋಗುವ ದಾರಿ. 1948ರಲ್ಲಿ ಅಧಿಕಾರಕ್ಕೆ ಬಂದ ನ್ಯಾಷನಲ್ ಪಾರ್ಟಿ ವರ್ಣಭೇದವನ್ನು ಕಾನೂನಾಗಿಸಿತು. 1950ರ ಕಾಯ್ದೆಗಳು ಪ್ರತಿ ಮನುಷ್ಯನನ್ನೂ ಬಣ್ಣದ ಪ್ರಕಾರ ನೋಂದಾಯಿಸಿ, ಯಾರು ಎಲ್ಲಿ ವಾಸಿಸಬೇಕೆಂಬುದನ್ನೂ ನಿಗದಿಪಡಿಸಿದವು. ಅದರ ಮರುವರ್ಷವೇ ಕಾಗೋಡು ಸತ್ಯಾಗ್ರಹ ಕಂಡ ನಮ್ಮ ಜಿಲ್ಲೆಯವರಿಗೆ, ದುಡಿಯುವವರು ಒಬ್ಬರು, ಅಳತೆಯ ಕೊಳಗ ಇನ್ನೊಬ್ಬರ ಕೈಯಲ್ಲಿ ಎಂಬ ವ್ಯವಸ್ಥೆ ಎಷ್ಟು ಆಳಕ್ಕೆ ಇಳಿಯಬಲ್ಲದು ಎಂದು ವಿವರಿಸಿ ಹೇಳಬೇಕಾಗಿಲ್ಲ. ಕ್ರೀಡಾಂಗಣಗಳಲ್ಲಿ ಕಪ್ಪು ಪ್ರೇಕ್ಷಕರಿಗೆ ಪ್ರತ್ಯೇಕ ಆವರಣವಿತ್ತು. ಅಲ್ಲಿ ನಿಂತವರು ತಮ್ಮ ದೇಶದ ತಂಡ ಸೋಲಲಿ ಎಂದು, ಎದುರಾಳಿ ಯಾರೇ ಆಗಿರಲಿ ಅವರ ಪರವಾಗಿ ಕೂಗುತ್ತಿದ್ದರು. ಸ್ಪ್ರಿಂಗ್‌ಬಾಕ್ ಅವರ ಪಾಲಿಗೆ ಆಳುವವರ ಲಾಂಛನವಾಗಿತ್ತು.

ರಗ್ಬಿಯಲ್ಲಿ ದಕ್ಷಿಣ ಆಫ್ರಿಕಾದ ದೊಡ್ಡ ಎದುರಾಳಿ ನ್ಯೂಜಿಲೆಂಡ್. ‘ಆಲ್ ಬ್ಲ್ಯಾಕ್ಸ್’ ಎಂದು ಕರೆಸಿಕೊಳ್ಳುವ ಆ ತಂಡದಲ್ಲಿ ಮಾವೊರಿ ಮೂಲನಿವಾಸಿಗಳು ಆಡುತ್ತಿದ್ದರು. ಆತಿಥೇಯರಿಗೆ ಮುಜುಗರವಾಗಬಾರದೆಂದು 1928, 1949 ಮತ್ತು 1960ರ ಪ್ರವಾಸಗಳಲ್ಲಿ ನ್ಯೂಜಿಲೆಂಡ್ ತನ್ನ ಮಾವೊರಿ ಆಟಗಾರರನ್ನು ಮನೆಯಲ್ಲಿಯೇ ಬಿಟ್ಟು ಹೋಯಿತು. 1970ರಲ್ಲಿ ಅವರನ್ನು ಒಳಗೆ ಬಿಡಲಾಯಿತು, ‘ಗೌರವ ಬಿಳಿಯರು’ ಎಂಬ ಪಟ್ಟ ಕಟ್ಟಿ. 1976ರ ಜೂನ್ 16ರಂದು ಜೊಹಾನ್ಸ್‌ಬರ್ಗ್ ಬಳಿಯ ಕಪ್ಪು ಜನರ ಬಡಾವಣೆಯಾದ ಸೊವೆಟೊದಲ್ಲಿ ಶಾಲಾ ಮಕ್ಕಳ ಪ್ರತಿಭಟನೆಯ ಮೇಲೆ ಪೊಲೀಸರು ಗುಂಡು ಹಾರಿಸಿದ ಕೆಲವೇ ದಿನಗಳಲ್ಲಿ ನ್ಯೂಜಿಲೆಂಡ್ ತಂಡ ಮತ್ತೆ ಅಲ್ಲಿಗೆ ಪ್ರವಾಸ ಹೋದಾಗ ಸಹನೆಯ ಕಟ್ಟೆ ಒಡೆಯಿತು. ನ್ಯೂಜಿಲೆಂಡಿಗೆ ಪ್ರವೇಶ ಕೊಟ್ಟದ್ದನ್ನು ವಿರೋಧಿಸಿ ಇಪ್ಪತ್ತಕ್ಕೂ ಹೆಚ್ಚು ದೇಶಗಳು, ಬಹುತೇಕ ಆಫ್ರಿಕಾದವು, ಆ ವರ್ಷದ ಮಾಂಟ್ರಿಯಲ್ ಒಲಿಂಪಿಕ್ಸ್ ಬಹಿಷ್ಕರಿಸಿದವು.

1981ರಲ್ಲಿ ಸ್ಪ್ರಿಂಗ್‌ಬಾಕ್ ತಂಡ ನ್ಯೂಜಿಲೆಂಡಿಗೆ ಹೋದಾಗ ಆ ಶಾಂತ ದೇಶ ಎರಡಾಗಿ ಸೀಳಿತು. ಜುಲೈ 25ರಂದು ಹ್ಯಾಮಿಲ್ಟನ್ನಿನಲ್ಲಿ ನೂರಾರು ಪ್ರತಿಭಟನಕಾರರು ಬೇಲಿ ಕಿತ್ತು ಮೈದಾನದ ನಡುವೆ ಬಂದು ನಿಂತರು, ಪಂದ್ಯ ರದ್ದಾಯಿತು. ಸೆಪ್ಟೆಂಬರ್ 12ರಂದು ಆಕ್ಲೆಂಡಿನ ಕೊನೆಯ ಟೆಸ್ಟ್ ನಡೆಯುತ್ತಿದ್ದಾಗ ಒಂದು ಪುಟ್ಟ ಸೆಸ್ನಾ ವಿಮಾನ ಮೈದಾನದ ಮೇಲೆ ಮತ್ತೆ ಮತ್ತೆ ಕೆಳಕ್ಕೆ ಹಾರಿ ಹಿಟ್ಟಿನ ಪೊಟ್ಟಣಗಳನ್ನು ಎಸೆಯಿತು. ಆಟಗಾರರು ಬಿಳಿ ಹಿಟ್ಟಿನ ನಡುವೆಯೇ ಆಡಿ ಮುಗಿಸಿದ ಆ ಪಂದ್ಯವನ್ನು ನ್ಯೂಜಿಲೆಂಡ್ 25-22ರಿಂದ ಗೆದ್ದಿತು. ಅಂಕಗಳನ್ನು ಇಂದು ನೆನೆಯುವವರು ಕಡಿಮೆ, ಹಿಟ್ಟನ್ನು ಮರೆತವರಿಲ್ಲ.

ಭಾರತ ಈ ವಿಷಯದಲ್ಲಿ ತಳೆದ ನಿಲುವನ್ನು ನಮ್ಮ ಮಕ್ಕಳು ತಿಳಿಯಬೇಕು. 1946ರಲ್ಲಿಯೇ ಭಾರತ ದಕ್ಷಿಣ ಆಫ್ರಿಕಾದೊಂದಿಗಿನ ವ್ಯಾಪಾರವನ್ನು ನಿಲ್ಲಿಸಿತ್ತು. 1974ರಲ್ಲಿ ವಿಜಯ್ ಮತ್ತು ಆನಂದ್ ಅಮೃತರಾಜ್ ಸಹೋದರರಿದ್ದ ಟೆನಿಸ್ ತಂಡ ಡೇವಿಸ್ ಕಪ್ ಫೈನಲ್ ತಲುಪಿದಾಗ ಎದುರಿಗಿದ್ದದ್ದು ದಕ್ಷಿಣ ಆಫ್ರಿಕಾ. ಭಾರತ ಆಡಲು ನಿರಾಕರಿಸಿ ಕಪ್ ಬಿಟ್ಟುಕೊಟ್ಟಿತು. ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಆಡಿದ 91 ಟೆಸ್ಟ್‌ಗಳಲ್ಲಿ ಒಂದೂ ದಕ್ಷಿಣ ಆಫ್ರಿಕಾದ ವಿರುದ್ಧ ಇರಲಿಲ್ಲ. ಆ ದೇಶದ ಕ್ರಿಕೆಟ್ ತಂಡ ಭಾರತಕ್ಕೆ ಬಂದದ್ದು 1991ರ ನವೆಂಬರಿನಲ್ಲಿ, ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ಗೆ. ಬಹಿಷ್ಕಾರದಿಂದ ಕ್ರೀಡೆಗೆ ಏನು ಸಾಧನೆಯಾಯಿತು ಎಂದು ಕೇಳುವವರಿದ್ದಾರೆ. ರಗ್ಬಿಯನ್ನು ಜೀವದಂತೆ ಪ್ರೀತಿಸುತ್ತಿದ್ದ ಬಿಳಿಯ ಸಮಾಜಕ್ಕೆ, ತಮ್ಮ ವ್ಯವಸ್ಥೆಯನ್ನು ಜಗತ್ತು ಒಪ್ಪಿಲ್ಲ ಎಂಬುದನ್ನು ಮನೆಯೊಳಗೆ ಮುಟ್ಟಿಸಿದ್ದು ಖಾಲಿ ಬಿದ್ದ ಶನಿವಾರದ ಮೈದಾನಗಳು ಎಂದು ನಾನು ನಂಬುತ್ತೇನೆ.

ಆ ಕಾಲದ ಇಬ್ಬರು ಆಟಗಾರರನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಬೇಕು. ಡ್ಯಾನಿ ಗರ್ಬರ್ ಎಂಬ ಬ್ಯಾಕ್ ಆಟಗಾರ 1980ರಿಂದ 1992ರವರೆಗಿನ ಅವಧಿಯಲ್ಲಿ ಆಡಲು ಸಿಕ್ಕಿದ್ದು 24 ಟೆಸ್ಟ್ ಮಾತ್ರ, ಗಳಿಸಿದ್ದು 19 ಟ್ರೈ. ಜಗತ್ತಿನ ಶ್ರೇಷ್ಠರಲ್ಲಿ ಒಬ್ಬನೆಂದು ಬಲ್ಲವರು ಹೇಳುವ ಈತನ ಉತ್ತಮ ವರ್ಷಗಳು ಬಹಿಷ್ಕಾರದಲ್ಲಿ ಕರಗಿದವು. ಇದು ನಿಜವಾದ ನಷ್ಟ. ಇನ್ನೊಬ್ಬರು ಎರಲ್ ಟೋಬಿಯಾಸ್. 1981ರ ಮೇ ತಿಂಗಳಲ್ಲಿ ಕೇಪ್‌ಟೌನಿನಲ್ಲಿ ಐರ್ಲೆಂಡ್ ವಿರುದ್ಧ ಆಡಿ ಸ್ಪ್ರಿಂಗ್‌ಬಾಕ್ ಅಂಗಿ ತೊಟ್ಟ ಮೊದಲ ಬಿಳಿಯನಲ್ಲದ ಟೆಸ್ಟ್ ಆಟಗಾರ. ಆಗ ಅವರ ವಯಸ್ಸು 31, ಒಟ್ಟು ಆಡಿದ್ದು ಆರು ಟೆಸ್ಟ್. ಜಗತ್ತಿಗೆ ತೋರಿಸಲು ಆರಿಸಿದ ಬೊಂಬೆ ಎಂದು ಒಂದು ಕಡೆಯವರು, ನಮ್ಮನ್ನು ತೊರೆದು ಹೋದವನೆಂದು ಇನ್ನೊಂದು ಕಡೆಯವರು ಅವರನ್ನು ನೋಯಿಸಿದರು. ಗರ್ಬರ್ ಕಳೆದುಕೊಂಡದ್ದಕ್ಕೆ ಲೆಕ್ಕವಿದೆ. ಟೋಬಿಯಾಸ್‌ಗಿಂತ ಮುಂಚಿನ ತೊಂಬತ್ತು ವರ್ಷಗಳಲ್ಲಿ ಆಯ್ಕೆಗಾರರ ಕಣ್ಣಿಗೇ ಬೀಳದೆ ಹೋದ ಆಟಗಾರರ ಲೆಕ್ಕ ಯಾವ ದಾಖಲೆಯಲ್ಲಿಯೂ ಇಲ್ಲ.

1990ರಲ್ಲಿ ನೆಲ್ಸನ್ ಮಂಡೇಲಾ ಬಿಡುಗಡೆಯಾದರು. 1992ರಲ್ಲಿ ಬಿಳಿಯರ ಮತ್ತು ಬಿಳಿಯರಲ್ಲದವರ ರಗ್ಬಿ ಸಂಸ್ಥೆಗಳು ಒಂದಾದವು; ಒಂದು ಕಡೆಯಿಂದ ಹಳೆಯ ಆಟಗಾರ, ದಶಕಗಳ ಕಾಲದ ಆಡಳಿತಗಾರ ಡ್ಯಾನಿ ಕ್ರೇವನ್, ಇನ್ನೊಂದು ಕಡೆಯಿಂದ ಭಾರತೀಯ ಮೂಲದ ಇಬ್ರಾಹಿಂ ಪಟೇಲ್ ಈ ಮಾತುಕತೆಯ ಮುಂಚೂಣಿಯಲ್ಲಿದ್ದರು. ಆ ಆಗಸ್ಟ್ 15ರಂದು ಜೊಹಾನ್ಸ್‌ಬರ್ಗ್‌ನ ಎಲಿಸ್ ಪಾರ್ಕ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಮರಳಿ ಆಟ ಆರಂಭವಾಯಿತು. 34ರ ವಯಸ್ಸಿನ ಗರ್ಬರ್ ಎರಡು ಟ್ರೈ ಗಳಿಸಿದರೂ 24-27ರ ಸೋಲು. ಅಂದು ಒಪ್ಪಂದವನ್ನು ಮೀರಿ ವರ್ಣಭೇದ ಕಾಲದ ರಾಷ್ಟ್ರಗೀತೆ ಮೊಳಗಿತು, ಹಳೆಯ ಬಾವುಟಗಳು ಹಾರಾಡಿದವು. ಕಪ್ಪು ಜನರಲ್ಲಿ ಅನೇಕರು ಸ್ಪ್ರಿಂಗ್‌ಬಾಕ್ ಲಾಂಛನವನ್ನೇ ಅಳಿಸಿಹಾಕಬೇಕೆಂದು ಒತ್ತಾಯಿಸಿದರೆ ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಮಂಡೇಲಾ ತಮ್ಮವರ ವಿರೋಧದ ನಡುವೆಯೂ ಅದು ಉಳಿಯಲಿ ಎಂದರು. ಸೋತವರ ಪ್ರೀತಿಯ ವಸ್ತುವನ್ನು ಕಿತ್ತುಕೊಳ್ಳುವುದಕ್ಕಿಂತ ಅದನ್ನು ಎಲ್ಲರದ್ದಾಗಿ ಮಾಡುವುದು ಮೇಲು ಎಂಬುದು ಅವರ ಎಣಿಕೆಯಾಗಿತ್ತು.

1995ರ ವಿಶ್ವಕಪ್ ಎಂದ ಕೂಡಲೇ ಎಲ್ಲರೂ ಫೈನಲ್ ನೆನೆಯುತ್ತಾರೆ. ಆದರೆ ಕಪ್ ಕೈ ತಪ್ಪುವ ಹಂತಕ್ಕೆ ಬಂದದ್ದು ಸೆಮಿಫೈನಲ್‌ನಲ್ಲಿ, ಮಳೆಯಿಂದ. ಜೂನ್ ನಮಗೆ ಮೃಗಶಿರ ಮಳೆಯ ತಿಂಗಳು, ಶಾಲೆಯ ಮೈದಾನಗಳು ಗದ್ದೆಯಂತಾಗುವ ಕಾಲ. ಡರ್ಬನ್ನಿನಲ್ಲಿ ಅದು ಒಣ ಚಳಿಗಾಲ. ಅಂಥ ಊರಿನಲ್ಲಿ ಜೂನ್ 17ರಂದು ಮಲೆನಾಡನ್ನು ನಾಚಿಸುವ ಮಳೆ ಸುರಿದು ಮೈದಾನ ಕೆರೆಯಾಯಿತು. ಫ್ರಾನ್ಸ್ ವಿರುದ್ಧದ ಪಂದ್ಯ ಒಂದೂವರೆ ಗಂಟೆಯಷ್ಟು ತಡವಾಯಿತು. ಪಂದ್ಯ ರದ್ದಾದರೆ ಶಿಸ್ತಿನ ದಾಖಲೆ ಉತ್ತಮವಾಗಿದ್ದ ಫ್ರಾನ್ಸ್ ಫೈನಲ್‌ಗೆ ಹೋಗುತ್ತಿತ್ತು, ಏಕೆಂದರೆ ಕೆನಡಾ ವಿರುದ್ಧದ ಪಂದ್ಯದಲ್ಲಿ ಹೊಡೆದಾಟವಾಗಿ ದಕ್ಷಿಣ ಆಫ್ರಿಕಾದ ಆಟಗಾರನೊಬ್ಬನನ್ನು ಹೊರಹಾಕಲಾಗಿತ್ತು. ಆಗ ಮೈದಾನಕ್ಕಿಳಿದವರು ಪೊರಕೆ ಹಿಡಿದ ಕಪ್ಪು ಮಹಿಳೆಯರು. ಅವರು ಸಾಲಾಗಿ ನಿಂತು ನೀರನ್ನು ಅಂಚಿಗೆ ಗುಡಿಸಿದರು, ಪಂದ್ಯ ನಡೆಯಿತು. ಕೊನೆಯ ನಿಮಿಷಗಳಲ್ಲಿ ಫ್ರಾನ್ಸಿನ ಅಬ್ದೆಲತೀಫ್ ಬೆನಾಝಿ ಗೆರೆಗೆ ಅಂಗೈಯಷ್ಟು ದೂರದಲ್ಲಿ ಬಿದ್ದರು. 19-15ರಿಂದ ದಕ್ಷಿಣ ಆಫ್ರಿಕಾ ಉಳಿದುಕೊಂಡಿತು. ಈ ತಂಡದ ದಿಗ್ಗಜರ ಪಟ್ಟಿಯಲ್ಲಿ ಆ ಹೆಂಗಸರ ಹೆಸರುಗಳಿಲ್ಲ. ಅವರ ಕೆಲಸವಿಲ್ಲದಿದ್ದರೆ ಮುಂದಿನ ವಾರದ ಕಥೆಯೇ ನಡೆಯುತ್ತಿರಲಿಲ್ಲ.

ಕೆನಡಾ ಪಂದ್ಯದ ಹೊಡೆದಾಟದಿಂದ ಇನ್ನೊಂದು ಪರಿಣಾಮವೂ ಆಯಿತು. ಅದಕ್ಕಾಗಿ ನಿಷೇಧಕ್ಕೊಳಗಾದ ಇನ್ನೊಬ್ಬ ಆಟಗಾರನ ಜಾಗಕ್ಕೆ, ಗಾಯದಿಂದಾಗಿ ಹೊರಗುಳಿದಿದ್ದ ಚೆಸ್ಟರ್ ವಿಲಿಯಮ್ಸ್ ಬಂದರು. ಇಡೀ ತಂಡದಲ್ಲಿ ಬಿಳಿಯರಲ್ಲದವರು ಇವರೊಬ್ಬರೇ. ಕ್ವಾರ್ಟರ್ ಫೈನಲ್‌ನಲ್ಲಿ ಪಶ್ಚಿಮ ಸಮೋವಾ ವಿರುದ್ಧ ನಾಲ್ಕು ಟ್ರೈ ಗಳಿಸಿ ತಮ್ಮ ಮೇಲಿದ್ದ ಸಂಶಯಗಳಿಗೆ ಉತ್ತರ ಕೊಟ್ಟರು.

ಜೂನ್ 24ರ ಫೈನಲ್‌ಗೆ ಎದುರಾಳಿ ನ್ಯೂಜಿಲೆಂಡ್. ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ನಾಲ್ಕು ಟ್ರೈ ಹೊಡೆದಿದ್ದ ಇಪ್ಪತ್ತರ ಹರೆಯದ ಜೋನಾ ಲೋಮು ಎಂಬ ದೈತ್ಯ ಆ ತಂಡದಲ್ಲಿದ್ದರು. ಆರಂಭಕ್ಕೆ ಮುಂಚೆ ಜಂಬೋ ವಿಮಾನವೊಂದು ಎಲಿಸ್ ಪಾರ್ಕ್‌ನ ಮೇಲೆ ಎದೆ ನಡುಗುವಷ್ಟು ಕೆಳಗೆ ಹಾರಿತು, ರೆಕ್ಕೆಗಳ ಅಡಿಯಲ್ಲಿ ತಂಡಕ್ಕೆ ಶುಭ ಹಾರೈಕೆ ಬರೆದಿತ್ತು. ನಂತರ ಮಂಡೇಲಾ ನಾಯಕ ಫ್ರಾಂಸ್ವಾ ಪೀನಾರ್ ಅವರ ಆರನೇ ನಂಬರಿನ ಹಸಿರು ಅಂಗಿಯನ್ನೇ ತೊಟ್ಟು, ತಲೆಗೆ ತಂಡದ ಟೋಪಿ ಇಟ್ಟು ಮೈದಾನಕ್ಕೆ ಬಂದರು. 27 ವರ್ಷ ಸೆರೆಯಲ್ಲಿದ್ದ ಮನುಷ್ಯ, ತನ್ನನ್ನು ಸೆರೆಯಲ್ಲಿಟ್ಟವರು ಪೂಜಿಸುತ್ತಿದ್ದ ಅಂಗಿಯನ್ನು ತೊಟ್ಟು ನಿಂತಾಗ, ಬಹುಪಾಲು ಬಿಳಿಯರೇ ತುಂಬಿದ್ದ ಅರವತ್ತು ಸಾವಿರಕ್ಕೂ ಮಿಕ್ಕ ಜನಸ್ತೋಮ ಅವರ ಹೆಸರನ್ನು ಕೂಗಿತು. ಪಂದ್ಯದಲ್ಲಿ ಯಾರೂ ಟ್ರೈ ಗಳಿಸಲಿಲ್ಲ. ಲೋಮು ಓಡಿದಾಗಲೆಲ್ಲ ಒಬ್ಬನಲ್ಲ ಒಬ್ಬ ಅವರ ಕಾಲಿಗೆ ಬಿದ್ದು ಕೆಡವಿದ. ಸ್ಕ್ರಮ್ ಹಿಂದಿನ ಆಟಗಾರ ಯೋಸ್ಟ್ ವಾನ್ ಡೆರ್ ವೆಸ್ತ್‌ಹೇಝನ್ ಹಾಕಿದ ಒಂದು ಹಿಡಿತ ಇಂದಿಗೂ ತೋರಿಸಲಾಗುವ ದೃಶ್ಯ. 80 ನಿಮಿಷಕ್ಕೆ 9-9, ಹೆಚ್ಚುವರಿ ಸಮಯದಲ್ಲಿ 12-12. ಏಳು ನಿಮಿಷ ಉಳಿದಿದ್ದಾಗ ಜೋಯಲ್ ಸ್ಟ್ರಾನ್ಸ್ಕಿ ಒದ್ದ ಡ್ರಾಪ್ ಗೋಲ್ ಕಂಬಗಳ ನಡುವೆ ಹಾದು 15-12 ಆಯಿತು. ಹದಿನೈದೂ ಅಂಕ ಅವರದ್ದೇ. ಫೈನಲ್‌ಗೆ ಮುಂಚೆ ತಮ್ಮ ಆಟಗಾರರಿಗೆ ಆಹಾರದಿಂದ ಹೊಟ್ಟೆ ಕೆಟ್ಟಿತ್ತೆಂದು ನ್ಯೂಜಿಲೆಂಡ್ ಕಡೆಯವರು ಹೇಳಿದ್ದು ಇಂದಿಗೂ ಚರ್ಚೆಯಲ್ಲಿದೆ.

ಆ ದಿನದ ಮೇಲೆ ಎಷ್ಟು ಬರೆದರೂ ಅದು ದೇಶವನ್ನು ಒಂದು ಮಾಡಿತೆಂದು ಬರೆಯುವುದು ಅತಿಯಾಯಿತು. ಒಂದು ಮಧ್ಯಾಹ್ನ ಆಗಬಹುದಾದದ್ದು ಆಯಿತು, ಅಷ್ಟೇ. ಅಷ್ಟೇ ಆದರೂ ಅದು ಸಣ್ಣದಲ್ಲ. ಆ ತಂಡದ ಅನೇಕರು ಬೇಗ ತೀರಿಕೊಂಡರು: ತರಬೇತುದಾರ ಕಿಚ್ ಕ್ರಿಸ್ಟಿ 1998ರಲ್ಲಿ, ನರರೋಗದಿಂದ ಗಾಲಿಕುರ್ಚಿ ಹಿಡಿದ ಯೋಸ್ಟ್ 2017ರಲ್ಲಿ, ಚೆಸ್ಟರ್ ವಿಲಿಯಮ್ಸ್ ಹೃದಯಾಘಾತದಿಂದ 2019ರ ಸೆಪ್ಟೆಂಬರ್ 6ರಂದು, 49ನೆಯ ವಯಸ್ಸಿನಲ್ಲಿ.

2007ರ ಗೆಲುವಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಪ್ಯಾರಿಸ್‌ನ ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ 15-6; ಪರ್ಸಿ ಮಾಂಟ್‌ಗೊಮರಿ ನಾಲ್ಕು ಪೆನಾಲ್ಟಿ, ಫ್ರಾನ್ಸ್ ಸ್ಟೇನ್ ಒಂದು. ಟೂರ್ನಿಯಲ್ಲಿ ಎಂಟು ಟ್ರೈ ಗಳಿಸಿದ ಬ್ರಯಾನ್ ಹಬಾನಾ ಲೋಮು ಅವರ ದಾಖಲೆಯನ್ನು ಸರಿಗಟ್ಟಿದರು. ಓಸ್ ಡು ರಾಂಡ್ ಎಂಬ ಫಾರ್ವರ್ಡ್ 1995ರ ಫೈನಲ್‌ನಲ್ಲಿಯೂ ಇದರಲ್ಲಿಯೂ ಆಡಿದ ಏಕೈಕ ಆಟಗಾರ. ಫೈನಲ್‌ಗೆ ಇಳಿದ ಹದಿನೈದು ಜನರಲ್ಲಿ ಬಿಳಿಯರಲ್ಲದವರು ಹಬಾನಾ ಮತ್ತು ಜೆ.ಪಿ. ಪೀಟರ್ಸನ್ ಇಬ್ಬರೇ. ಹನ್ನೆರಡು ವರ್ಷಗಳಲ್ಲಿ ಒಂದು ಎರಡಾಗಿತ್ತು.

ಅಲ್ಲಿಂದ ಇಳಿಜಾರು. 2015ರ ಸೆಪ್ಟೆಂಬರ್ 19ರಂದು ಬ್ರೈಟನ್ನಿನಲ್ಲಿ ಜಪಾನ್ ಕೊನೆಯ ಗಳಿಗೆಯ ಟ್ರೈನಿಂದ 34-32ರಿಂದ ಈ ತಂಡವನ್ನು ಸೋಲಿಸಿದ್ದು ವಿಶ್ವಕಪ್ ಇತಿಹಾಸದ ದೊಡ್ಡ ಅಚ್ಚರಿಗಳಲ್ಲೊಂದು. 2016ರಲ್ಲಿ ಇಟಲಿಯ ಕೈಯಲ್ಲಿ ಸೋಲು, 2017ರಲ್ಲಿ ನ್ಯೂಜಿಲೆಂಡ್ ಎದುರು 0-57ರ ಸೋಲು. ಅದರ ಮರುವರ್ಷ ರಾಸಿ ಎರಾಸ್ಮಸ್ ತರಬೇತುದಾರರಾಗಿ ಬಂದು, ಸಿಯಾ ಕೊಲಿಸಿ ಅವರನ್ನು ನಾಯಕನನ್ನಾಗಿ ಆರಿಸಿದರು. ಟೆಸ್ಟ್ ತಂಡದ 127 ವರ್ಷಗಳಲ್ಲಿ ಮೊದಲ ಕಪ್ಪು ನಾಯಕ. 2018ರ ಜೂನ್‌ನಲ್ಲಿ ಅವರ ಮೊದಲ ಪಂದ್ಯದಲ್ಲಿಯೇ, ಅದೇ ಎಲಿಸ್ ಪಾರ್ಕ್‌ನಲ್ಲಿ, ಇಂಗ್ಲೆಂಡ್ ಎದುರು 3-24ರಿಂದ ಹಿಂದಿದ್ದ ತಂಡ 42-39ರಿಂದ ಗೆದ್ದಿತು.

ಕೊಲಿಸಿ ಹುಟ್ಟಿದ್ದು 1991ರ ಜೂನ್ 16ರಂದು. ಸೊವೆಟೊ ಹತ್ಯಾಕಾಂಡ ನಡೆದು ಅಂದಿಗೆ ಹದಿನೈದು ವರ್ಷ. ಬಣ್ಣದ ಪ್ರಕಾರ ನೋಂದಣಿ ಮಾಡುವ ಕಾಯ್ದೆ ರದ್ದಾದದ್ದು ಅದರ ಮರುದಿನ. ಊರು ಪೋರ್ಟ್ ಎಲಿಜಬೆತ್ ಬಳಿಯ ಝ್ವಿಡೆ ಟೌನ್‌ಶಿಪ್ ಎಂಬ ಕಪ್ಪು ಜನರ ಬಡಾವಣೆ, ಅವರ ರಗ್ಬಿ ಗಟ್ಟಿಯಾಗಿ ಬೇರೂರಿದ್ದ ಜಾಗ. ಅಜ್ಜಿಯ ಆಸರೆಯಲ್ಲಿ, ಹೊಟ್ಟೆಗೆ ಸಾಲದ ಬಡತನದಲ್ಲಿ ಬೆಳೆದ ಹುಡುಗ. ಹನ್ನೆರಡರ ವಯಸ್ಸಿನಲ್ಲಿ ಅವರ ಆಟ ಕಂಡು ನಗರದ ಹೆಸರಾಂತ ಗ್ರೇ ಶಾಲೆಗೆ ವಿದ್ಯಾರ್ಥಿವೇತನ ಸಿಕ್ಕಿತು. 2007ರ ಫೈನಲ್ ಅನ್ನು, ಮನೆಯಲ್ಲಿ ಟಿವಿ ಇಲ್ಲದ ಕಾರಣ, ಊರಿನ ಒಂದು ಪಾನಗೃಹದಲ್ಲಿ ನಿಂತು ನೋಡಿದ್ದರು. ನಾಯಕನಾದಾಗ ಅವರು ತೊಟ್ಟದ್ದೂ ಆರನೇ ನಂಬರಿನ ಅಂಗಿಯನ್ನೇ.

2019ರ ಫೈನಲ್ ಜಪಾನಿನ ಯೊಕೊಹಾಮಾದಲ್ಲಿ ನವೆಂಬರ್ 2ರಂದು ನಡೆಯಿತು. ನಮ್ಮಲ್ಲಿ ಅದು ರಾಜ್ಯೋತ್ಸವದ ಮರುದಿನ, ಶನಿವಾರ ಮಧ್ಯಾಹ್ನ ಎರಡೂವರೆಯ ಹೊತ್ತು. ಶಿವಮೊಗ್ಗದ ಹಾಸ್ಟೆಲ್ ಒಂದರ ಜಗಲಿಯಲ್ಲಿ ಕೆಂಪು ಹಳದಿ ಬಾವುಟಗಳು ಇನ್ನೂ ಕಟ್ಟಿದ್ದಂತೆಯೇ ಇದ್ದಾಗ, ಕಬಡ್ಡಿ ಆಡುವ ಕೆಲವು ಹುಡುಗರೊಂದಿಗೆ ಮೊಬೈಲಿನಲ್ಲಿ ನಾನು ಆ ಪಂದ್ಯ ನೋಡಿದೆ. ಮೊದಲ ಸ್ಕ್ರಮ್ ಕಂಡ ಹುಡುಗನೊಬ್ಬ, “ಸಾರ್, ಇದರಲ್ಲಿ ಗೆಲ್ಲೋದು ಯಾರು ಅಂತ ಹೆಂಗೆ ಗೊತ್ತಾಗತ್ತೆ?” ಎಂದು ಕೇಳಿದ. ಹತ್ತು ನಿಮಿಷದಲ್ಲಿ ಅವನಿಗೇ ಗೊತ್ತಾಯಿತು. ಇಂಗ್ಲೆಂಡಿನ ಕೈಲ್ ಸಿಂಕ್ಲರ್ ಮೂರನೇ ನಿಮಿಷದಲ್ಲಿಯೇ ತಲೆಗೆ ಪೆಟ್ಟಾಗಿ ಹೊರನಡೆದಿದ್ದರು. ಅವರ ಬದಲಿಗೆ ಬಂದ ಡ್ಯಾನ್ ಕೋಲ್ ಎದುರು, ಜಿಂಬಾಬ್ವೆಯಲ್ಲಿ ಹುಟ್ಟಿದ, ‘ಬೀಸ್ಟ್’ ಎಂದೇ ಹೆಸರಾದ ಟೆಂಡೈ ಮ್ತಾವರಿರಾ ಹೆಗಲು ಕೊಟ್ಟು ತಳ್ಳಿದಾಗ ಇಂಗ್ಲೆಂಡಿನ ಸಾಲು ಮತ್ತೆ ಮತ್ತೆ ಕುಸಿಯಿತು. ಪ್ರತಿ ಕುಸಿತಕ್ಕೂ ಪೆನಾಲ್ಟಿಯ ಭಯ. ಒದೆಯಲು ಹಾಂದ್ರೆ ಪೊಲಾರ್ಡ್ ಸಿದ್ಧ.

ಇದರ ಹಿಂದೆ ಎರಾಸ್ಮಸ್ ಅವರ ಒಂದು ಲೆಕ್ಕಾಚಾರವಿತ್ತು. ಬದಲಿ ಆಟಗಾರರು ಎಂಟು ಜನ. ಸಾಮಾನ್ಯವಾಗಿ ಅದರಲ್ಲಿ ಐದು ಫಾರ್ವರ್ಡ್, ಮೂರು ಬ್ಯಾಕ್ ಇರುತ್ತಾರೆ. ಎರಾಸ್ಮಸ್ ಆರು ಫಾರ್ವರ್ಡ್‌ಗಳನ್ನು ಇಟ್ಟು, ದ್ವಿತೀಯಾರ್ಧದ ಆರಂಭದಲ್ಲಿಯೇ ದಣಿದವರನ್ನು ಹಿಂತೆಗೆದು ಅಷ್ಟೇ ಬಲದ ಹೊಸಬರನ್ನು ಇಳಿಸಿದರು. ಈ ಗುಂಪಿಗೆ ‘ಬಾಂಬ್ ಸ್ಕ್ವಾಡ್’ ಎಂಬ ಹೆಸರು ಬಿತ್ತು. ಬದಲಿಯೆಂದರೆ ಎರಡನೇ ದರ್ಜೆಯವನೆಂಬ ಭಾವನೆಯನ್ನೇ ಇದು ತೊಡೆದುಹಾಕಿತು.

ಅರುವತ್ತಾರನೇ ನಿಮಿಷದಲ್ಲಿ ಎಡ ಅಂಚಿನಲ್ಲಿ ಮಕಾಝೋಲೆ ಮಪಿಂಪಿ ಚೆಂಡನ್ನು ಎದುರಾಳಿಗಳ ತಲೆಯ ಮೇಲಿಂದ ಒದ್ದರು. ಪುಟಿದ ಚೆಂಡನ್ನು ಲುಖಾನ್ಯೊ ಆಮ್ ಹಿಡಿದು, ತಿರುಗಿಯೂ ನೋಡದೆ ಪಕ್ಕಕ್ಕೆ ಮರಳಿಸಿದರು, ಮಪಿಂಪಿ ಗೆರೆ ದಾಟಿದರು. ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಗಳಿಸಿದ ಮೊದಲ ಟ್ರೈ ಅದು. ಎಂಟು ನಿಮಿಷಗಳ ಬಳಿಕ ಚೆಸ್ಲಿನ್ ಕೋಲ್ಬೆ ಎದುರಾಳಿ ನಾಯಕನನ್ನು ಪಾದದ ಒಂದೇ ತಿರುವಿನಲ್ಲಿ ವಂಚಿಸಿ ಎರಡನೆಯದನ್ನು ತಂದರು. 32-12ರ ಗೆಲುವಿನಲ್ಲಿ ಪೊಲಾರ್ಡ್ ಒದ್ದದ್ದು 22 ಅಂಕ. ಅಂದು ಆರಂಭಿಕ ಹದಿನೈದರಲ್ಲಿ ಬಿಳಿಯರಲ್ಲದವರು ಆರು ಜನ: ಕೊಲಿಸಿ, ಮ್ತಾವರಿರಾ, ಬೊಂಗಿ ಎಂಬೊನಾಂಬಿ, ಆಮ್, ಮಪಿಂಪಿ, ಕೋಲ್ಬೆ. ಇವರಲ್ಲಿ ಒಬ್ಬರನ್ನೂ ತೋರಿಕೆಗಾಗಿ ಆರಿಸಲಾಗಿದೆ ಎನ್ನಲು ಆ ಪಂದ್ಯ ನೋಡಿದ ಯಾರಿಗೂ ಧೈರ್ಯ ಬರಲಾರದು.

ಮಪಿಂಪಿ ಅವರ ಬಗ್ಗೆ ಎರಾಸ್ಮಸ್ ಹೇಳಿದ ಒಂದು ಸಂಗತಿಯನ್ನು ಬಿಡಲಾರೆ. ಆಟಗಾರರ ಅಂಗಿಯ ನಂಬರಿನೊಳಗೆ ಅವರವರ ಆಪ್ತರ ಪುಟ್ಟ ಚಿತ್ರಗಳನ್ನು ಅಚ್ಚು ಮಾಡುವ ಏರ್ಪಾಡಾಗಿತ್ತು. ತಾಯಿ, ಸೋದರಿ, ಸೋದರ ಎಲ್ಲರನ್ನೂ ಕಳೆದುಕೊಂಡಿದ್ದ ಮಪಿಂಪಿ ಕೊಟ್ಟದ್ದು ತಮ್ಮದೇ ಚಿತ್ರಗಳನ್ನು.

2023ರಲ್ಲಿ ಫ್ರಾನ್ಸಿನಲ್ಲಿ ಮತ್ತೆ ಹಳೆಯ ಪದ್ಧತಿ, ಮೂರು ಪಂದ್ಯ, ಮೂರೂ ಒಂದೊಂದು ಅಂಕದ ಅಂತರ. ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ 29-28. ಅಲ್ಲಿ ಫ್ರಾನ್ಸಿನ ತೊಮಾ ರಾಮೋಸ್ ಟ್ರೈ ನಂತರದ ಎರಡು ಅಂಕಕ್ಕಾಗಿ ಒದೆಯಲು ಹೆಜ್ಜೆಯಿಟ್ಟೊಡನೆ ಗೆರೆಯಿಂದ ಬಾಣದಂತೆ ಓಡಿಬಂದ ಕೋಲ್ಬೆ ಚೆಂಡನ್ನು ತಡೆದರು. ಆ ಎರಡು ಅಂಕ ಬಂದಿದ್ದರೆ ಒಂದಂಕದ ಗೆಲುವು ಒಂದಂಕದ ಸೋಲಾಗುತ್ತಿತ್ತು. ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ 16-15, ಕೊನೆಯ ನಿಮಿಷಗಳ ಪೊಲಾರ್ಡ್ ಪೆನಾಲ್ಟಿಯಿಂದ. ಮೂಲ ತಂಡದಲ್ಲಿಯೇ ಇಲ್ಲದ ಪೊಲಾರ್ಡ್, ಗಾಯಗೊಂಡ ಮಾಲ್ಕಮ್ ಮಾರ್ಕ್ಸ್ ಬದಲಿಗೆ ಬಂದವರು.

ಅಕ್ಟೋಬರ್ 28ರ ಫೈನಲ್ ನಮ್ಮಲ್ಲಿ ನಡುರಾತ್ರಿ ದಾಟಿದ ಹೊತ್ತು. ನ್ಯೂಜಿಲೆಂಡಿನ ನಾಯಕ ಸ್ಯಾಮ್ ಕೇನ್ ಎತ್ತರದ ಅಪಾಯಕಾರಿ ಹಿಡಿತಕ್ಕಾಗಿ ಕೆಂಪು ಚೀಟಿ ಪಡೆದರು. ಪುರುಷರ ವಿಶ್ವಕಪ್ ಫೈನಲ್‌ನಲ್ಲಿ ಅಂಥದು ಅದೇ ಮೊದಲು. ಪೊಲಾರ್ಡ್ ಅವರ ನಾಲ್ಕು ಪೆನಾಲ್ಟಿಗಳು ಮಧ್ಯಂತರಕ್ಕೆ ಮುಂಚೆಯೇ ಬಂದಿದ್ದವು. ದ್ವಿತೀಯಾರ್ಧದಲ್ಲಿ ದಕ್ಷಿಣ ಆಫ್ರಿಕಾ ಒಂದೂ ಅಂಕ ಗಳಿಸಲಿಲ್ಲ. ಹದಿನಾಲ್ಕು ಜನರ ನ್ಯೂಜಿಲೆಂಡ್ ಬೋಡನ್ ಬ್ಯಾರೆಟ್ ಟ್ರೈನಿಂದ 11ಕ್ಕೆ ಬಂತು. ಎಪ್ಪತ್ತಮೂರನೇ ನಿಮಿಷದಲ್ಲಿ ಹಳದಿ ಚೀಟಿ ಪಡೆದು ಹೊರಗೆ ಕುಳಿತ ಕೋಲ್ಬೆ ಮುಂದಿನದನ್ನು ನೋಡಲಾರದೆ ಅಂಗಿಯಿಂದ ಮುಖ ಮುಚ್ಚಿಕೊಂಡರು. ಜೋರ್ಡಿ ಬ್ಯಾರೆಟ್ ದೂರದಿಂದ ಒದ್ದ ಪೆನಾಲ್ಟಿ ಕಂಬದ ಹೊರಗೆ ಹೋಯಿತು. 12-11. ಆ ರಾತ್ರಿ ಪೀಟರ್-ಸ್ಟೆಫ್ ಡು ಟೊಯ್ಟ್ ಒಬ್ಬರೇ 28 ಬಾರಿ ಎದುರಾಳಿಗಳನ್ನು ಕೆಡವಿದ್ದರು. ಅಂಕಪಟ್ಟಿಯಲ್ಲಿ ಅವರ ಹೆಸರಿಲ್ಲ, ಪಂದ್ಯದ ಶ್ರೇಷ್ಠ ಆಟಗಾರ ಪ್ರಶಸ್ತಿ ಸಿಕ್ಕಿದ್ದು ಅವರಿಗೆ. ಈ ತಂಡದ ದಿಗ್ಗಜನೆಂದರೆ ಎಂಥವನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಆ ಎಂಬತ್ತು ನಿಮಿಷಗಳ ಡು ಟೊಯ್ಟ್ ಅವರನ್ನು.

ಉಳಿದಿರುವ ಕೆಲಸವೂ ಚಿಕ್ಕದಲ್ಲ. ಇಂದಿಗೂ ಈ ತಂಡಕ್ಕೆ ಬರುವವರಲ್ಲಿ ಹೆಚ್ಚಿನವರು, ಕಪ್ಪು ಆಟಗಾರರನ್ನೂ ಸೇರಿಸಿ, ಒಳ್ಳೆಯ ಮೈದಾನ, ತರಬೇತಿ, ಪೌಷ್ಟಿಕ ಊಟವಿರುವ ಬೆರಳೆಣಿಕೆಯ ಹಳೆಯ ಶಾಲೆಗಳಿಂದ ಬಂದವರು. ಕೊಲಿಸಿಗೆ ಹನ್ನೆರಡರಲ್ಲಿ ಗ್ರೇ ಶಾಲೆಯ ಬಾಗಿಲು ತೆರೆದದ್ದರಿಂದ ದಾರಿ ಸಿಕ್ಕಿತು. ಈಸ್ಟರ್ನ್ ಕೇಪ್‌ನ ಹಳ್ಳಿಯ ಮಪಿಂಪಿಗೆ ಅಂಥ ಶಾಲೆ ಸಿಗಲಿಲ್ಲ, ಅವರು ದೇಶದ ಅಂಗಿ ತೊಟ್ಟದ್ದು 27ರ ವಯಸ್ಸಿನಲ್ಲಿ. ಅವರ ಹಾದಿಯಲ್ಲಿ ಇನ್ನಷ್ಟು ಹಳ್ಳಿಯ ಹುಡುಗರು ಬರುತ್ತಾರೆಯೇ ಎಂಬುದನ್ನು 2027ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆಯುವ ವಿಶ್ವಕಪ್‌ನ ತಂಡದ ಪಟ್ಟಿ ಪ್ರಕಟವಾದಾಗ, ಆಟಗಾರರ ಹೆಸರಿನ ಪಕ್ಕದಲ್ಲಿ ಅವರು ಕಲಿತ ಶಾಲೆಯ ಹೆಸರನ್ನೂ ಹುಡುಕಿ ನೋಡಿದರೆ ತಿಳಿಯುತ್ತದೆ.